ಸಿಗ್ನಲ್ ಹೋದರೆ ಮೊದಲು ಬೆರಳು ಚುಚ್ಚಿ ನೋಡು

ನವನಗರ, ಬಾಗಲಕೋಟೆ

ಪ್ರೀತಿಯ ಪುಟ್ಟಿ,

"ಅವ್ವಾ, ಪಂಪಿಗೆ ಸೆನ್ಸರ್ ಸಿಗವಲ್ದು" ಅಂತ ನಿನ್ನೆ ರಾತ್ರಿ ನೀನು ಹೇಳಿದಾಗ ದನಿಯಲ್ಲೇ ಗಾಬರಿ ಗೊತ್ತಾಯಿತು. ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ರೂಮಿನ ಗೆಳತಿಗೂ ಓದಿಸು. ಅವಳಿಗೂ ಗೊತ್ತಿರಲಿ, ಸೆನ್ಸರ್ ಅಂದರೆ ಮೈಗೆ ಅಂಟಿಸಿಕೊಂಡು ಶುಗರ್ ಅಳೆಯುವ ಚಿಕ್ಕ ಸಾಧನ, ಪಂಪು ಅಂದರೆ ನಳಿಗೆಯಿಂದ ಮೈಗೆ ಇನ್ಸುಲಿನ್ ಕೊಡುವ ಯಂತ್ರ.

ಸಿಗ್ನಲ್ ಹೋಯಿತು ಅಂದರೆ ಇನ್ಸುಲಿನ್ ನಿಂತಿತು ಅಂತಲ್ಲ. ನಿನ್ನ ಶುಗರ್ ಎಷ್ಟಿದೆ ಅನ್ನುವುದು ಪಂಪಿಗೆ ಕಾಣುತ್ತಿಲ್ಲ, ಅಷ್ಟೇ. ಶುಗರ್ ನೋಡಿ ತಾನೇ ಇನ್ಸುಲಿನ್ ಹೆಚ್ಚುಕಡಿಮೆ ಮಾಡುವ ಆಟೋ ಮೋಡಿನಲ್ಲಿದ್ದರೂ ಸ್ವಲ್ಪ ಹೊತ್ತಿಗೆ ಅದು ಡಾಕ್ಟರು ಹಾಕಿಕೊಟ್ಟ ಬೇಸಲ್‌ಗೆ ಮರಳಿ, ಅಂದರೆ ದಿನವಿಡೀ ಸ್ವಲ್ಪಸ್ವಲ್ಪವೇ ಹೋಗುವ ಪ್ರಮಾಣಕ್ಕೆ ಬಂದು, ಆ ಲೆಕ್ಕದಲ್ಲಿ ಇನ್ಸುಲಿನ್ ಕೊಡುತ್ತಾ ಇರುತ್ತದೆ. ಆದರೆ ಶುಗರ್ ಇಳಿದರೆ ತಾನಾಗಿ ನಿಲ್ಲಿಸುವುದಿಲ್ಲ, ಏರಿದರೆ ಸರಿಮಾಡುವುದೂ ಇಲ್ಲ. ಆ ಹೊತ್ತು ನೋಡಿಕೊಳ್ಳಬೇಕಾದವಳು ನೀನೇ. ಹಾಗಾಗಿ ಯಾವ ಬಟನ್ ಒತ್ತುವ ಮುಂಚೆಯೂ ಕೈ ತೊಳೆದು, ಬೆರಳು ಚುಚ್ಚಿ, ಮೀಟರಿನಲ್ಲಿ ನೋಡು. ಕೈ ತೊಳೆಯಲೇಬೇಕು. ಕುಂದಾ ತಿಂದ ಬೆರಳಿನಲ್ಲಿ ಸಕ್ಕರೆ ಅಂಟಿದ್ದರೆ ಮೀಟರ್ ಜಾಸ್ತಿ ತೋರಿಸುತ್ತದೆ. 70ಕ್ಕಿಂತ ಕಡಿಮೆ ಬಂದರೆ ಪಂಪಿನ ರಿಪೇರಿ ಆಮೇಲೆ. 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಸುಮಾರು ಮೂರು ಚಿಕ್ಕ ಚಮಚ, ನೀರಿಗೆ ಹಾಕಿ ಕುಡಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡು.

ಸಿಗ್ನಲ್ ಯಾಕೆ ಹೋಗುತ್ತದೆ ಅಂತ ಕೇಳಿದ್ದೆಯಲ್ಲ. ಸೆನ್ಸರ್ ಐದು ನಿಮಿಷಕ್ಕೊಮ್ಮೆ ಬ್ಲೂಟೂತ್‌ನಲ್ಲಿ ಪಂಪಿಗೆ ಅಂಕಿ ಕಳಿಸುತ್ತದೆ. ಆ ಅಲೆ 2.4 ಗಿಗಾಹರ್ಟ್ಸ್‌ನದು. ನೀರು ಅದನ್ನು ಹೀರಿಕೊಳ್ಳುತ್ತದೆ. ನಮ್ಮ ಮೈಯಲ್ಲಿ ಬಹುಪಾಲು ಇರುವುದೂ ನೀರೇ ಅಲ್ವಾ? ಸೆನ್ಸರ್ ಎಡತೋಳಿನಲ್ಲಿದ್ದು ಪಂಪು ಬಲಗಡೆ ಇದ್ದರೆ ನಿನ್ನ ಮೈಯೇ ನಡುವೆ ಅಡ್ಡ. ನೀನು ಎಡಮಗ್ಗುಲಾಗಿ ಮಲಗುವವಳು. ರಾತ್ರಿಯೇ ಪಂಪು ಜಾಸ್ತಿ ಕೂಗುವುದು ಇದಕ್ಕೇ ಅಂತ ನನಗನಿಸುತ್ತದೆ. ಸ್ವೆಟರು, ರಗ್ಗು ಏನೂ ಅಡ್ಡ ಬರುವುದಿಲ್ಲ, ಬೆಳಗಾವಿ ಮಳೆಗೆ ಎಷ್ಟು ಬೇಕಾದರೂ ಹೊದ್ದುಕೊ. ಪಂಪನ್ನು ಮಾತ್ರ ಸೆನ್ಸರ್ ಇರುವ ಕಡೆಯೇ ಇಟ್ಟುಕೊ. ಸೆನ್ಸರ್ ಮೇಲೆ ಭಾರ ಬಿಟ್ಟು ಮಲಗಿದರೆ ಸಿಗ್ನಲ್ ಇದ್ದೂ ಸುಳ್ಳು ಲೋ, ಅಂದರೆ ಶುಗರ್ ಇಳಿದಿದೆ ಅಂತ, ತೋರಿಸುವುದುಂಟು. ಆಗಲೂ ಮೀಟರಿನ ಮಾತೇ ನಂಬು.

ಸ್ನಾನಕ್ಕೆ ಹೋಗುವಾಗ ಪಂಪು ಬಿಚ್ಚಿ ರೂಮಿನಲ್ಲಿಟ್ಟು ಹೋಗುತ್ತೀಯ. ಬಚ್ಚಲು ಕಾರಿಡಾರಿನ ಆ ತುದಿಗೆ. ಏನೂ ಅಡ್ಡ ಇಲ್ಲದಿದ್ದರೆ ಸುಮಾರು ಆರು ಮೀಟರ್ ಸಿಗುತ್ತದೆ, ಗೋಡೆ ಬಂದರೆ ಅಷ್ಟೂ ಇಲ್ಲ. ವಾಪಸ್ ಬಂದು ಹಾಕಿಕೊಂಡ ಮೇಲೆ 15 ನಿಮಿಷ ಸುಮ್ನೆ ತಡಿ, ಬಹಳ ಸಲ ತಾನೇ ಸೇರಿಕೊಳ್ಳುತ್ತದೆ. ಆಗಲೂ ಬರದಿದ್ದರೆ ಟ್ರಾನ್ಸ್‌ಮಿಟರ್ ಸರಿಯಾಗಿ ಕೂತಿದೆಯಾ ನೋಡು, ಸೆನ್ಸರಿಗೆ ಸಿಕ್ಕಿಸಿ ಅಂಕಿ ಕಳಿಸುವ ತುಣುಕು ಅದೇ. ನಮ್ಮೂರ ಏಪ್ರಿಲ್ ಬಿಸಿಲಿಗೆ ಬೆವರಿ ಪಟ್ಟಿ ಎದ್ದು ಬಂದಿದ್ದು ನೆನಪಿದೆಯಲ್ಲ? ನಿನ್ನದು ಚಾರ್ಜ್ ಮಾಡುವ ಟ್ರಾನ್ಸ್‌ಮಿಟರ್, ಸೆನ್ಸರ್ ಬದಲಿಸುವಾಗೆಲ್ಲ ಪೂರ್ತಿ ಚಾರ್ಜ್ ಮಾಡಿಯೇ ಹಾಕು. ಬೇಸರಕ್ಕೆ "ಸೆನ್ಸರ್ ನಿಲ್ಲಿಸು" ಒತ್ತಬೇಡ, ಸೆನ್ಸರ್, ಪಂಪಿನ ಜೋಡಣೆ (ಪೇರಿಂಗ್) ಅಳಿಸಬೇಡ. ಕೆಲವು ಸೆನ್ಸರ್‌ಗಳು ಒಮ್ಮೆ ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ. ಹೊಸದು ಹಾಕಿದರೆ ಅಂಕಿ ಬರಲು ಎರಡು ತಾಸು ಹಿಡಿಯಬಹುದು. ಮಲಗುವ ಮುಂಚೆ, ಪರೀಕ್ಷೆಗೆ ಮುಂಚೆ ಆ ಕೆಲಸ ಬೇಡ.

ನನ್ನ ಮೊಬೈಲಿನಲ್ಲಿ ನಿನ್ನ ಶುಗರ್ ಕಾಣುವ ವಿಷಯ ಬೇರೆ. ಸೆನ್ಸರಿನಿಂದ ಪಂಪಿಗೆ ಅಂಕಿ ಹೋಗಲು ಇಂಟರ್ನೆಟ್ ಬೇಕಿಲ್ಲ. ನಿನ್ನ ಮೊಬೈಲಿನಿಂದ ನನಗೆ ಬರಲು ಮಾತ್ರ ನೆಟ್ ಬೇಕು. ನೀನು ಬಸ್ಸಿನಲ್ಲಿ ಲೋಕಾಪುರ, ಯರಗಟ್ಟಿ ದಾರಿ ಹಿಡಿದಾಗ ನನಗೆ ಶುಗರಿನ ಗೆರೆ ನಿಂತುಬಿಡುತ್ತದೆ, ನಿನ್ನ ಪಂಪು ಆಗಲೂ ಓದುತ್ತಲೇ ಇರುತ್ತದೆ. ಅದಕ್ಕೆ ನಾನು ಫೋನ್ ಮಾಡಿದರೆ ಪಂಪಿನಲ್ಲಿ ಕಾಣುವ ಅಂಕಿ ಒಂದು ಹೇಳು, ಸಾಕು. ಮೊಬೈಲಿನ ಬ್ಯಾಟರಿ ಸೇವರ್ ತೆಗೆದಿಡು, ಅದು ಹಿಂದೆ ನಡೆಯುವ ಆ್ಯಪನ್ನು ನಿಲ್ಲಿಸಿಬಿಡುತ್ತದೆ.

ಸಿಗ್ನಲ್‌ಗಿಂತ ನನಗೆ ದೊಡ್ಡ ಚಿಂತೆ ಇನ್ನೊಂದಿದೆ. ಶುಗರ್ 250 ದಾಟಿ ಇಳಿಯದಿದ್ದರೆ ಸಿಗ್ನಲ್ ಹುಡುಕುತ್ತಾ ಕೂರಬೇಡ. ನಳಿಗೆ ಮಡಚಿರಬಹುದು, ಚುಚ್ಚಿದ ಜಾಗದಿಂದ ಹೊರಬಂದಿರಬಹುದು. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಒಂದೇ. ಅದು ಒಳಗೆ ಹೋಗದಿದ್ದರೆ ಕೆಲವೇ ತಾಸಿನಲ್ಲಿ ಕೀಟೋನ್, ಅಂದರೆ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ, ರಕ್ತದಲ್ಲಿ ಏರುತ್ತದೆ. ಕೀಟೋನ್ ನೋಡು, ಡಾಕ್ಟರು ಹೇಳಿದಷ್ಟು ಇನ್ಸುಲಿನ್ ಪೆನ್ನಿನಿಂದ ಚುಚ್ಚಿ ತಗೊ, ಪಂಪಿನ ನಳಿಗೆಯ ಸೆಟ್ ಬದಲಿಸು. ವಾಂತಿ ಶುರುವಾದರೆ ಎಷ್ಟೇ ರಾತ್ರಿಯಾಗಿದ್ದರೂ ವಾರ್ಡನ್ನರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗು.

ಗಣಪತಿ ಮೆರವಣಿಗೆಗೆ ಹೋಗೇ ಹೋಗು, ಬೆಳಗಾವಿಯಲ್ಲಿದ್ದು ಅದನ್ನು ನೋಡದಿದ್ದರೆ ಹೇಗೆ? ಆ ಸದ್ದಿನಲ್ಲಿ ಅಲಾರಂ ಕೇಳುವುದಿಲ್ಲ, ವೈಬ್ರೇಟ್ ಹಾಕಿ ಪಂಪು ಮೈಗೆ ತಾಗುವಂತೆ ಇಟ್ಟುಕೊ. ಕುಣಿದರೆ ಶುಗರ್ ಇಳಿಯುತ್ತದೆ, ಜೇಬಿನಲ್ಲಿ ಗ್ಲೂಕೋಸ್ ಇರಲಿ.

ಶನಿವಾರ ಮಾಮಾ ಬೆಳಗಾವಿಗೆ ಬರುತ್ತಾನೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಜೊತೆ ಸ್ಟ್ರಿಪ್ಸು, ಪಂಪಿನ ಬ್ಯಾಟರಿ ಕಳಿಸುತ್ತೇನೆ. ನಿನ್ನ ಹತ್ತಿರ ಇರುವ ಪೆನ್ನಿನ ಇನ್ಸುಲಿನ್ ತಾರೀಖು ನೋಡಿ ಇವತ್ತೇ ಮೆಸೇಜ್ ಮಾಡು. ಮುಗಿಯಲು ಬಂದಿದ್ದರೆ ಅದನ್ನೂ ತಂಪು ಚೀಲದಲ್ಲಿಟ್ಟು ಕೊಡುತ್ತೇನೆ.

ನಿನ್ನ
ಅವ್ವ