ಘಾಟಿಗೆ ಬೈಕ್ ಬರಲಿ, ಎದುರಿನವರಿಗೂ ಜಾಗ ಬಿಡಲಿ

ಸಂಪಾದಕರಿಗೆ,

ಮಾನ್ಯರೇ,

ಶನಿವಾರ, ಭಾನುವಾರ ಬಂತೆಂದರೆ ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಬೈಕುಗಳ ಸಾಲು ಶುರುವಾಗುತ್ತದೆ. ಬೆಂಗಳೂರು, ದಾವಣಗೆರೆ, ಶಿವಮೊಗ್ಗದಿಂದ ಬರುತ್ತಾರೆ. ಕೆಳಗಿನಿಂದ ಉಡುಪಿ, ಮಂಗಳೂರಿನವರೂ ಹತ್ತಿ ಬರುತ್ತಾರೆ. ಇದರಿಂದ ರೋಸಿಹೋದ ನಮ್ಮ ಕಡೆಯ ಕೆಲವರು ‘ವಾರದ ಕೊನೆಯಲ್ಲಿ ಘಾಟಿಗೆ ಬೈಕ್ ಬಿಡಲೇಬಾರದು’ ಎನ್ನುತ್ತಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಮಾತನ್ನು ಒಪ್ಪಲಾರೆ.

ನಾನೂ ಬೈಕ್ ಓಡಿಸುವವನೇ. ಶಿವಮೊಗ್ಗ ಬಿಟ್ಟು ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ತೀರ್ಥಹಳ್ಳಿಗೆ ಬರುವುದು, ಅಲ್ಲಿಂದ ಆಗುಂಬೆ ಇಳಿದು ಹೆಬ್ರಿ, ಕುಂದಾಪುರ ಮುಟ್ಟುವುದು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ವಾಪಸ್ ಬರುವಾಗ ಕೊಲ್ಲೂರು, ನಾಗೋಡಿ, ನಗರ, ಹೊಸನಗರ. ಒಂದೇ ಸುತ್ತಿನಲ್ಲಿ ಕಾಡು, ನದಿ, ಸಮುದ್ರ ಮೂರೂ ಸಿಗುವ ಇಂಥ ದಾರಿ ಎಷ್ಟು ಕಡೆ ಇದೆ ಹೇಳಿ? ಕಾರಿನ ಗಾಜು ಏರಿಸಿಕೊಂಡು ಹೋದವರಿಗೆ ಘಾಟಿಯ ಚಳಿ ಎಲ್ಲಿ ಮುಗಿದು ಕರಾವಳಿಯ ಸೆಕೆ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಬೈಕಿನವರಿಗೆ ಅದು ಮೈಗೇ ತಿಳಿಯುತ್ತದೆ. ಈ ಸುಖವನ್ನು ಯಾರಿಂದಲೂ ಕಿತ್ತುಕೊಳ್ಳುವುದು ಬೇಡ.

ತೊಂದರೆ ಇರುವುದು ತಿರುವುಗಳಲ್ಲಿ. ಆಗುಂಬೆಯಿಂದ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಬಸ್ಸು ಹೇಗೆ ತಿರುಗುತ್ತದೆ ಎಂದು ಒಮ್ಮೆ ನಿಂತು ನೋಡಬೇಕು. ಡ್ರೈವರ್ ಹಾರ್ನ್ ಹಾಕಿ ಬಸ್ಸಿನ ಮೂತಿಯನ್ನು ಹೊರಗಿನ ತಡೆಗೋಡೆಯ ಹತ್ತಿರಕ್ಕೇ ಒಯ್ಯುತ್ತಾರೆ. ಹಿಂದಿನ ಟೈರು ಒಳಗಿನ ಚರಂಡಿ ಅಂಚನ್ನು ಸವರಿಕೊಂಡೇ ಬರುತ್ತದೆ. ಅಷ್ಟು ಹೊತ್ತು ಇಡೀ ರಸ್ತೆ ಬಸ್ಸಿನದೇ. ಪಕ್ಕದಲ್ಲಿ ಸೈಕಲ್ ನುಸುಳುವಷ್ಟೂ ಜಾಗ ಇರುವುದಿಲ್ಲ. ಆ ಹೊತ್ತಿಗೆ ಮೇಲಿನಿಂದ ನಾಲ್ಕೈದು ಬೈಕುಗಳು ಒಂದರ ಹಿಂದೊಂದು ವಾಲಿಸಿಕೊಂಡು ಇಳಿದು ಬಂದರೆ ಡ್ರೈವರ್ ಏನು ಮಾಡಬೇಕು? ಕಡಿದಾದ, ಇಕ್ಕಟ್ಟಿನ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬ ನಿಯಮ ಇದೆ. ಅದು ಎಷ್ಟು ಜನ ಸವಾರರಿಗೆ ಗೊತ್ತೋ!

ಬಲ ತಿರುವಿನಲ್ಲಿ ಇನ್ನೊಂದು ಅಪಾಯ ಇದೆ. ಟೈರು ನಮ್ಮ ಪಥದಲ್ಲೇ ಇದ್ದರೂ ವಾಲಿದ ಸವಾರನ ತಲೆ, ಭುಜ ಮಧ್ಯದ ಗೆರೆ ದಾಟಿ ಆಚೆ ಹೋಗಿರುತ್ತದೆ. ಎಡ ತಿರುವಿಗೆ ಜೋರಾಗಿ ನುಗ್ಗಿದರೆ ಬೈಕೇ ಬಲಕ್ಕೆ ಎಳೆದುಕೊಂಡು ಎದುರಿನವರ ಪಥಕ್ಕೆ ಹೋಗುತ್ತದೆ. ವೇಗ ಇಳಿಸುವ ಕೆಲಸ ತಿರುವಿಗೆ ಮೊದಲೇ ಮುಗಿದಿರಬೇಕು. ಒಳಗೆ ಹೋದ ಮೇಲೆ ಬ್ರೇಕ್ ಒತ್ತಿ ಪ್ರಯೋಜನ ಇಲ್ಲ. 2019ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆ ಕಡ್ಡಾಯ. ಒಳ್ಳೆಯದೇ. ಆದರೆ ಅದು ಚಕ್ರ ಲಾಕ್ ಆಗದಂತೆ ತಡೆಯುತ್ತದೆ ಅಷ್ಟೇ. ಪಾಚಿ ಕಟ್ಟಿದ ಟಾರು, ನೆನೆದ ತರಗೆಲೆ, ದರೆಯಿಂದ ಜರಿದ ಕೆಮ್ಮಣ್ಣು ಇವುಗಳ ಮೇಲೆ ಇಲ್ಲದ ಹಿಡಿತವನ್ನು ಎಲ್ಲಿಂದ ತರುತ್ತದೆ? ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೇ ಗೇರಿನಲ್ಲಿಟ್ಟರೆ ಎಂಜಿನ್ನೇ ಬೈಕನ್ನು ಹಿಡಿದುಕೊಳ್ಳುತ್ತದೆ. ಬರೀ ಬ್ರೇಕ್ ನಂಬಿಕೊಂಡು ಇಳಿದರೆ ಅದು ಬಿಸಿಯಾಗಿ, ಬೇಕಾದ ಹೊತ್ತಿಗೆ ಹಿಡಿಯುವುದೇ ಇಲ್ಲ.

ಇನ್ನು ಘಾಟಿ ಹತ್ತಿ ಬಂದ ಮೇಲೆ ಗುಡ್ಡೇಕೇರಿ, ಮೇಗರವಳ್ಳಿ ಕಡೆ ರಸ್ತೆ ಸ್ವಲ್ಪ ನೇರ ಆಗುತ್ತದೆ. ಬೈಕುಗಳ ವೇಗ ಏರುವುದು ಇಲ್ಲೇ. ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಚೀಲ ಹೆಗಲಿಗೇರಿಸಿ, ಮಳೆಗಾಲವಾದರೆ ಕೊಡೆ ಬಿಚ್ಚಿ, ರಸ್ತೆ ಅಂಚಿನಲ್ಲೇ ಮನೆಗೆ ನಡೆಯುತ್ತಾರೆ. ಫುಟ್‌ಪಾತ್ ಎಲ್ಲಿಂದ ಬರಬೇಕು? ಗಾಳಿಗೆ ಕೊಡೆ ಓರೆ ಮಾಡಿದ ಮಗುವಿಗೆ ಹಿಂದಿನಿಂದ ಬರುವ ಬೈಕು ಕಾಣುವುದಿಲ್ಲ. ಬೆಳಿಗ್ಗೆ ಬೆಂಗಳೂರು ಬಿಟ್ಟವರು ಇಲ್ಲಿಗೆ ಮುಟ್ಟುವುದೂ ಸುಮಾರು ಅದೇ ಹೊತ್ತಿಗೆ. ನನ್ನ ದೊಡ್ಡ ಹೆದರಿಕೆ ಇದು.

ಸಂಜೆಯಾದರೆ ದನಗಳು. ಮಲೆನಾಡು ಗಿಡ್ಡ ಕುಳ್ಳಗಿನ ತಳಿ, ಎಷ್ಟೋ ದನ ಕಪ್ಪು ಬಣ್ಣದವು. ಮಳೆಗಾಲದಲ್ಲಿ ತೇವಕ್ಕೆ ಬೇಸತ್ತು ಟಾರು ರಸ್ತೆಯ ಮೇಲೇ ಮಲಗುತ್ತವೆ. ಮಂಜಿನಲ್ಲಿ ಹೆಡ್‌ಲೈಟಿಗೂ ಬೇಗ ಕಾಣಿಸುವುದಿಲ್ಲ. ದನ ಕಟ್ಟಿಹಾಕುವುದು ನಮ್ಮ ಕೆಲಸ, ಅದನ್ನೂ ಹೇಳಲೇಬೇಕು. ಕಾಡುಕೋಣ, ಕಡವೆಗಳನ್ನು ಕಟ್ಟಿಹಾಕಲು ಆಗುವುದಿಲ್ಲ ಅಲ್ವಾ?

ಸೈಲೆನ್ಸರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಂಪನಿ ಕೊಟ್ಟದ್ದನ್ನು ಕಳಚಿ ಸಿಡಿಮದ್ದಿನ ಸದ್ದಿನದನ್ನು ಹಾಕಿಸುವುದು ಕಾನೂನಿಗೆ ವಿರುದ್ಧ. ಕಣಿವೆಯಲ್ಲಿ ಆ ಸದ್ದು ದೂರದ ಮನೆಯಲ್ಲಿ ಮಲಗಿದ ಕಾಯಿಲೆಯವರನ್ನೂ ಎಬ್ಬಿಸುತ್ತದೆ. ತಿರುವಿನಲ್ಲಿ ಬೈಕ್ ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಎಸೆಯುವುದೂ ನಿಲ್ಲಬೇಕು. ಆಸೆಗೆ ಬಿದ್ದು ಅವು ರಸ್ತೆಯಲ್ಲೇ ಕೂರುತ್ತವೆ, ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಮರದ ಮೇಲೇ ಬದುಕುವ ಸಿಂಗಳೀಕಕ್ಕೂ ಈ ಚಟ ಹತ್ತಿದರೆ ಕಷ್ಟ.

ಈಗ ಸಿಗಂದೂರಿನ ದಾರಿಯನ್ನೂ ಯೋಚಿಸಬೇಕಾಗಿದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ತುಮರಿ ಕಡೆಯ ಜನ ಅದಕ್ಕಾಗಿ ದಶಕಗಟ್ಟಲೆ ಕಾದಿದ್ದರು. ಮೊದಲು ಹಿನ್ನೀರು ದಾಟಿಸುವ ಲಾಂಚ್‌ಗಾಗಿ ಎಲ್ಲರೂ ಸಾಲಿನಲ್ಲಿ ನಿಲ್ಲಲೇಬೇಕಿತ್ತು. ಈಗ ಸಾಗರದಿಂದ ಹೊರಟವರು ಎಲ್ಲೂ ನಿಲ್ಲದೆ ಕೊಲ್ಲೂರಿನವರೆಗೂ ಹೋಗಬಹುದು. ಆಗುಂಬೆ ರಸ್ತೆಯ ಪಾಡು ಅಲ್ಲಿಗೂ ಬರುವ ಮೊದಲೇ ಎಚ್ಚೆತ್ತುಕೊಂಡರೆ ಒಳ್ಳೆಯದು.

ನಿಷೇಧ ಹೇರಿದರೆ ಬೈಕುಗಳು ಹುಲಿಕಲ್‌ಗೋ ಕೊಲ್ಲೂರು ಘಾಟಿಗೋ ಹೋಗುತ್ತವೆ, ತಿರುವುಗಳು ಅಲ್ಲೂ ಇವೆ. ಜೊತೆಗೆ ಬೈಕೊಂದನ್ನೇ ನಂಬಿಕೊಂಡ ನಮ್ಮೂರಿನವರಿಗೇ ಮೊದಲು ಪೆಟ್ಟು. ಅಡಿಕೆ ವ್ಯಾಪಾರ, ಮಣಿಪಾಲದ ಆಸ್ಪತ್ರೆ, ನೆಂಟರ ಮನೆ ಎಲ್ಲಕ್ಕೂ ಘಾಟಿ ಇಳಿಯಲೇಬೇಕಲ್ಲ. ಅದರ ಬದಲು ಆಗುಂಬೆ ಮತ್ತು ಸೋಮೇಶ್ವರದಲ್ಲಿ ಶನಿವಾರ, ಭಾನುವಾರ ಪೊಲೀಸರು ನಿಂತು ಸೈಲೆನ್ಸರ್, ಹೆಲ್ಮೆಟ್ ನೋಡಲಿ. ಹಿಂದೆ ಕೂತವರ ಹೆಲ್ಮೆಟ್ ಕೂಡ. ಎದುರು ಕಾಣದ ತಿರುವುಗಳಲ್ಲಿ ದೊಡ್ಡ ಉಬ್ಬುಗನ್ನಡಿ ಹಾಕಿ, ಪಾಚಿ ಆಗಾಗ ಒರೆಸಲಿ. ‘ಹತ್ತುವವರಿಗೆ ದಾರಿ ಬಿಡಿ’ ಎಂಬ ಫಲಕ ಕನ್ನಡದಲ್ಲಿ ಎದ್ದು ಕಾಣುವಂತೆ ಇರಲಿ. ಶನಿವಾರ ಶಾಲೆ ಬಿಡುವ ಹೊತ್ತಿಗೆ ಮೇಗರವಳ್ಳಿಯಲ್ಲಿ ಒಬ್ಬ ಹೋಂಗಾರ್ಡ್ ಇದ್ದರೂ ಸಾಕು.

ಘಾಟಿಯ ಕೆಲವು ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಬಿದ್ದವರ ಸುದ್ದಿ ಮುಟ್ಟಿ 108 ಬರುವಷ್ಟರಲ್ಲಿ ಹೊತ್ತು ಮೀರುತ್ತದೆ. ಹಾಗಾಗಿ ವಾರದ ಕೊನೆಯ ಎರಡು ದಿನ ಆಗುಂಬೆಯಲ್ಲೇ ಒಂದು ಆಂಬುಲೆನ್ಸ್ ನಿಲ್ಲಿಸಬೇಕೆಂದು ಶಿವಮೊಗ್ಗ ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ. ಕೇಸಿನ ಭಯಕ್ಕೆ ಗಾಯಾಳುವನ್ನು ಮುಟ್ಟಲು ಹಿಂಜರಿಯುವವರು ಇನ್ನೂ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಒಳ್ಳೆ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಇದೆ. ಪೊಲೀಸರು ಈ ವಿಷಯವನ್ನು ಘಾಟಿ ಪಕ್ಕದ ಅಂಗಡಿ, ಹೋಟೆಲಿನವರಿಗೆ, ಆಟೊ ಚಾಲಕರಿಗೆ ಕರೆದು ತಿಳಿಸಲಿ. ಅಪಘಾತವಾದಾಗ ಮೊದಲು ಓಡಿ ಬರುವವರು ಅವರೇ.

– ಓದುಗ, ಮೇಗರವಳ್ಳಿ, ತೀರ್ಥಹಳ್ಳಿ ತಾಲ್ಲೂಕು