ಮಗಳಿಗೊಂದು ಪತ್ರ: ನಡುವಿನ ಆ ಎರಡು ಗಂಟೆ

ಪುಟ್ಟಿ,

ನಿನ್ನ ಟಿಕೆಟ್ ನೋಡಿದೆ. ವಿಮಾನ ಹತ್ತುವುದು, ಇಳಿಯುವುದು ನಿನಗೇನೂ ಕಷ್ಟ ಆಗಲಿಕ್ಕಿಲ್ಲ. ನನಗೆ ಯೋಚನೆ ಇರುವುದು ನಡುವೆ ವಿಮಾನ ಬದಲಿಸಬೇಕಲ್ಲ, ಆ ಎರಡು ಗಂಟೆಯದ್ದು.

ಕಾಗದದ ಮೇಲೆ ಎರಡು ಗಂಟೆ. ಕೈಗೆ ಸಿಗುವುದು ಅಷ್ಟಲ್ಲ. ವಿಮಾನ ಇಳಿದು, ಬಾಗಿಲು ತೆರೆದು, ಮುಂದಿನ ಸಾಲಿನವರೆಲ್ಲ ಮೇಲಿಂದ ಬ್ಯಾಗ್ ಎಳೆದುಕೊಂಡು ನಿನಗೆ ದಾರಿ ಬಿಡುವಷ್ಟರಲ್ಲಿ ಅರ್ಧ ಗಂಟೆ ಹೋಗಿರಬಹುದು. ಆಮೇಲೆ ಇನ್ನೊಮ್ಮೆ ಸೆಕ್ಯುರಿಟಿ ಸಾಲು ಇರಬಹುದು. ಅಲ್ಲಿಗೆ ಬರುವ ಮೊದಲೇ ನೀರಿನ ಬಾಟಲಿ ಖಾಲಿ ಮಾಡಿಬಿಡು. ಮುಂದಿನ ವಿಮಾನದ ಗೇಟ್ ಅಂತೂ ಹೊರಡುವುದಕ್ಕೆ 15-20 ನಿಮಿಷ ಮೊದಲೇ ಮುಚ್ಚುತ್ತದೆ. ಹಾಗಾಗಿ ಮೊದಲು ಬೋರ್ಡ್ ನೋಡು, ಗೇಟ್ ಹುಡುಕು. ಕಾಫಿ, ಅಂಗಡಿ ಎಲ್ಲ ಆಮೇಲೆ. ಬೋರ್ಡಿಂಗ್ ಪಾಸ್‌ನಲ್ಲಿರುವ ಗೇಟ್ ನಂಬರ್ ಬದಲಾಗುವುದುಂಟು, ಬೋರ್ಡನ್ನೇ ನಂಬು. ಟಿಕೆಟ್‌ನಲ್ಲಿರುವುದೆಲ್ಲ ಆಯಾ ಊರಿನ ಸಮಯ ಅನ್ನುವುದೂ ನೆನಪಿರಲಿ.

ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿವೆ. ಬೇರೆ ಬೇರೆ ತೆಗೆದರೆ ಅಗ್ಗ ಅಂತ ನಿನ್ನ ಅಪ್ಪ ಹೇಳಿದ್ದರು, ನಾನೇ ಒಪ್ಪಲಿಲ್ಲ. ಒಂದೇ ಬುಕಿಂಗ್ ಆದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಮುಂದಿನದಕ್ಕೆ ಹತ್ತಿಸುವ ಹೊಣೆ ಏರ್‌ಲೈನ್‌ನವರದ್ದು. ಬೇರೆ ಟಿಕೆಟ್ ಆಗಿದ್ದರೆ ‘ನೀವು ಬರಲಿಲ್ಲ’ ಅಂತ ಎರಡನೆಯವರು ಕೈತೊಳೆದುಕೊಳ್ಳುತ್ತಾರೆ. ತಪ್ಪಿಹೋದರೆ ಅಳುತ್ತಾ ಕೂರಬೇಡ, ನೇರ ಟ್ರಾನ್ಸ್‌ಫರ್ ಕೌಂಟರ್‌ಗೆ ಹೋಗು. ಸಾಲಿನಲ್ಲಿ ನಿಂತುಕೊಂಡೇ ಏರ್‌ಲೈನ್‌ನವರ ಆಪ್ ಕೂಡ ನೋಡು, ಎಷ್ಟೋ ಸಲ ಹೊಸ ಸೀಟು ಅಲ್ಲೇ ಬಂದಿರುತ್ತದೆ.

ವಿಮಾನ ಇಳಿಯುವಾಗ ಕಿವಿ ಕಟ್ಟುತ್ತದೆ. ಒಳಗಿನ ಗಾಳಿಯ ಒತ್ತಡ ಎತ್ತರದ ಬೆಟ್ಟದ ಮೇಲಿರುವಷ್ಟೇ, ಸುಮಾರು 2,000 ಮೀಟರ್ ಅಂದುಕೋ. ಕೆಳಗೆ ಬರುತ್ತಾ ಅದು ಏರುತ್ತದೆ, ಕಿವಿ ಹೊಂದಿಕೊಳ್ಳಬೇಕು. ಆಕಳಿಸು, ಉಗುಳು ನುಂಗು. ಆ ಹೊತ್ತಿಗೆ ನಿದ್ದೆ ಮಾಡಬೇಡ.

ಇನ್ನು ಲಗೇಜು. ಕೌಂಟರ್‌ನಲ್ಲಿ ಸೂಟ್‌ಕೇಸಿಗೆ ಪಟ್ಟಿ ಅಂಟಿಸುತ್ತಾರಲ್ಲ, ಅದರ ಮೇಲಿನ ಮೂರಕ್ಷರ ನೀನು ಕೊನೆಗೆ ಇಳಿಯುವ ಊರಿನದ್ದೇನಾ ನೋಡು. ‘ಇದನ್ನು ನಾನು ಎಲ್ಲಿ ತಗೋಬೇಕು?’ ಅಂತ ಬಾಯಿಬಿಟ್ಟು ಕೇಳು. ಅಮೆರಿಕದಂಥ ಕಡೆ ಮೊದಲು ಇಳಿದಲ್ಲೇ ತೆಗೆದುಕೊಂಡು ಮತ್ತೆ ಕೊಡಬೇಕಾಗುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿನಲ್ಲಿ ಬಿಡುವುದಿಲ್ಲ. ಮಾತ್ರೆ, ಒಂದು ಜೊತೆ ಬಟ್ಟೆಯೂ ಕೈಚೀಲದಲ್ಲೇ ಇರಲಿ.

ಒಮ್ಮೆ ನನ್ನ ಸೂಟ್‌ಕೇಸು ಬರಲೇ ಇಲ್ಲ. ಬೆಲ್ಟ್ ಖಾಲಿ ಸುತ್ತಿ ಸುತ್ತಿ ನಿಂತಿತು. ಕೌಂಟರ್‌ನ ಹುಡುಗಿ ‘ಯಾವ ಬಣ್ಣ?’ ಅಂದಳು. ‘ಕಪ್ಪು’ ಅಂದೆ. ನಗು ತಡೆದುಕೊಂಡು ಬೇರೆ ಬೇರೆ ಪೆಟ್ಟಿಗೆಗಳ ಚಿತ್ರ ಇರುವ ಹಾಳೆಯೊಂದನ್ನು ಮುಂದಿಟ್ಟಳು. ಮೊದಲು ಒಂದರ ಮೇಲೆ ಬೆರಳಿಟ್ಟೆ, ಆಮೇಲೆ ಇನ್ನೊಂದರ ಮೇಲೆ. ಹತ್ತು ವರ್ಷ ನಾನೇ ಎಳೆದಾಡಿದ ಪೆಟ್ಟಿಗೆ, ಅದಕ್ಕೆ ಎರಡು ಚಕ್ರವೋ ನಾಲ್ಕೋ ನೆನಪಾಗಲಿಲ್ಲ! ನಿನ್ನ ಸೂಟ್‌ಕೇಸೂ ಬರದಿದ್ದರೆ ಏರ್‌ಪೋರ್ಟ್ ಬಿಡುವ ಮೊದಲೇ ದೂರು ಬರೆಸಿ, ನಂಬರ್ ಇಸ್ಕೋ.

ಈಗ ಎದ್ದು ನಿನ್ನ ಸೂಟ್‌ಕೇಸಿನ ಫೋಟೋ ತೆಗಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು.

ನಿನ್ನ ಅಮ್ಮ