ಭಾನುವಾರ ಬೆಳಗ್ಗೆ ಎರಡೂವರೆ ಗಂಟೆ ಅರಮನೆ ಮುಂದಿನ ರಸ್ತೆ ಮುಚ್ಚಿಸಿ ಸ್ವಾಮಿ

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಈ ಸಲದ ರಜೆಗೆ ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗಳು ಕಾರಿನಲ್ಲಿ ಪುದುಚೇರಿಗೆ ಹೋಗಿದ್ದೆವು. ಬೆಂಗಳೂರು, ಹೊಸೂರು, ಕೃಷ್ಣಗಿರಿ, ತಿರುವಣ್ಣಾಮಲೈ ದಾಟಿ, ಜಿಂಜಿ ಕೋಟೆಯ ಬೆಟ್ಟಗಳನ್ನು ನೋಡುತ್ತಾ ಸಮುದ್ರದವರೆಗೆ. ಊರು ಮುಟ್ಟಿದ ಮೇಲೆ ಕಾರನ್ನು ಲಾಡ್ಜಿನ ಮುಂದೆ ನಿಲ್ಲಿಸಿದ್ದು, ಎರಡು ದಿನ ಅದರ ಬಾಗಿಲು ತೆಗೆಯಲಿಲ್ಲ. ಬಾಡಿಗೆ ಸೈಕಲ್ ತಗೊಂಡೆವು. ಅದರ ಬಗ್ಗೆಯೇ ಈ ಪತ್ರ. ದುಡ್ಡು ಕೇಳುವುದಕ್ಕಲ್ಲ, ಗಾಬರಿ ಬೇಡ.

ಬಾಡಿಗೆ ಸೈಕಲ್ ಅಂದರೆ ನನಗೆ ನೆನಪಾಗುವುದು ಅಗ್ರಹಾರದ ಗಂಟೆ ಲೆಕ್ಕದ ಸೈಕಲ್ ಅಂಗಡಿ. ಒಳಪೆಡ್ಲು ಹೊಡೆದು, ಮಂಡಿ ತರಚಿಕೊಂಡು, ಐದು ನಿಮಿಷ ತಡವಾದರೆ ಬೈಸಿಕೊಂಡು ಬಂದವರು ನಾವು. ಪುದುಚೇರಿಯ ಅಂಗಡಿಯೂ ಹಾಗೇ ಇತ್ತು. ನನಗೆ ಸಿಕ್ಕ ಸೈಕಲ್ಲಿಗೆ ಬೆಲ್ ಪೂರ್ತಿ ಇತ್ತು, ಬ್ರೇಕ್ ಅರ್ಧ ಇತ್ತು.

ಪುದುಚೇರಿ ಕೇಂದ್ರಾಡಳಿತ ಪ್ರದೇಶದ ರಾಜಧಾನಿ. ಹಾಗಂತ ದೊಡ್ಡ ಊರೇನಲ್ಲ. 2011ರ ಜನಗಣತಿಯಲ್ಲಿ ಪಟ್ಟಣದ ಜನ ಸುಮಾರು 2.44 ಲಕ್ಷ. ಹಳೇ ಪೇಟೆಯ ಬೀದಿಗಳು ಚೌಕಾಬಾರದ ಮನೆ ಹಾಕಿದ ಹಾಗೆ ನೇರ. ಆ ಗೆರೆ ಹಾಕಿದವರು ಡಚ್ಚರು, 1693ರಿಂದ 1699ರವರೆಗೆ ಊರು ಅವರ ಕೈಯಲ್ಲಿದ್ದಾಗ. ಆಮೇಲೆ ವಾಪಸ್ ಬಂದ ಫ್ರೆಂಚರು ಅದನ್ನೇ ಮುಂದುವರಿಸಿದರು. ನಡುವೆ ಒಂದು ಕಾಲುವೆ. ಈಚೆ ಫ್ರೆಂಚರ ಹಳದಿ ಗೋಡೆ, ಬೋಗನ್‌ವಿಲ್ಲಾ. ಆಚೆ ತಮಿಳರ ಮನೆಗಳು. ಬೀದಿಗೆ ಮುಖ ಮಾಡಿದ ಕಟ್ಟೆಗೆ ಅವರು ತಿಣ್ಣೈ ಅನ್ನುತ್ತಾರೆ, ನಮ್ಮ ಜಗಲಿಯೇ ಅಲ್ವಾ? ಪ್ರವಾಸಿಗರೆಲ್ಲ ಹಳದಿ ಗೋಡೆ ಮುಂದೆ ಫೋಟೋಗೆ ಸಾಲು ನಿಂತಿರುತ್ತಾರೆ. ನನಗೆ ಹಿಡಿಸಿದ್ದು ಕಾಲುವೆಯ ಆಚೆ, ವೈಸ್ಯಾಳ್ ಬೀದಿಯ ಕಡೆ. ಕಾಲುವೆಯ ವಾಸನೆ ಬಗ್ಗೆ ಮಾತ್ರ ಕೇಳಬೇಡಿ.

ಆ ಕಡೆಯ ಒಂದು ಬೀದಿಯಲ್ಲೇ ಮಗಳ ಸೈಕಲ್ ಚೈನ್ ಕಳಚಿತು. ನಾನು ಬಗ್ಗಿ ಒದ್ದಾಡುತ್ತಿದ್ದೆ. ತಿಣ್ಣೈ ಮೇಲೆ ಪೇಪರ್ ಓದುತ್ತಿದ್ದ ತಾತ ಎದ್ದು ಬಂದರು. ನನ್ನ ಕೈ ಸರಿಸಿ, ಒಂದು ಕಡ್ಡಿಯಿಂದ ಚೈನನ್ನು ಹಲ್ಲಿಗೆ ಸಿಕ್ಕಿಸಿ, ಪೆಡ್ಲನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿದರು. ಅಷ್ಟೇ. ಕೈಗೆ ಗ್ರೀಸ್ ಕೂಡ ಆಗಲಿಲ್ಲ. ನನ್ನ ಎರಡು ಕೈಯೂ ಕಪ್ಪಾಗಿದ್ದವು, ಮಗಳು ಇಡೀ ದಿನ ಅದನ್ನೇ ಹೇಳಿ ನಕ್ಕಳು.

ಇನ್ನು ವಿಷಯಕ್ಕೆ ಬರುತ್ತೇನೆ. ಅಲ್ಲಿ ಸಮುದ್ರದ ಪಕ್ಕದ ಗೂಬೇರ್ ಅವೆನ್ಯೂಗೆ ಜನ ಬೀಚ್ ರೋಡ್ ಅನ್ನುತ್ತಾರೆ. ಗಾಂಧಿ ಪ್ರತಿಮೆ ಇರುವುದು ಅಲ್ಲೇ. ಸುತ್ತಲಿನ ಕಲ್ಲಿನ ಕಂಬಗಳು ನಾವು ದಾಟಿ ಬಂದ ಜಿಂಜಿಯಿಂದ ತಂದವಂತೆ. ಆ ರಸ್ತೆಗೆ ಸಂಜೆ 6ರಿಂದ ಬೆಳಗ್ಗೆ 7.30ರವರೆಗೆ ವಾಹನ ಬಿಡುವುದಿಲ್ಲ. ಮೊದಲ ಸಂಜೆ ಸೈಕಲ್ ತಳ್ಳಿಕೊಂಡೇ ಹೋದೆವು, ಜನ ಅಷ್ಟು ಜಾಸ್ತಿ. ಅಜ್ಜಿಯರು ರಸ್ತೆಯ ನಟ್ಟನಡುವೆ ನಿಂತು ಸಂಸಾರದ ಸಮಾಚಾರ ಮಾತಾಡುತ್ತಿದ್ದರು. ಯಾರೂ ಹಾರನ್ ಹೊಡೆಯುವವರಿಲ್ಲ.

ಮರುದಿನ ಐದೂಮುಕ್ಕಾಲಿಗೇ ಎದ್ದು ಡ್ಯೂಮಾ ಬೀದಿ, ಸುಫ್ರಾಂ ಬೀದಿ ಸುತ್ತಿದೆವು. ಮಗಳು ಮುಂದೆ ಮುಂದೆ ಹೋಗುತ್ತಿದ್ದಳು. ಮೈಸೂರಲ್ಲಿ ಅವಳಿಗೆ ನಮ್ಮ ಬೀದಿ ಬಿಟ್ಟು ಹೊರಗೆ ಸೈಕಲ್ ಬಿಡುವುದಿಲ್ಲ ನಾವು. ಅಲ್ಲಿ ಎರಡು ತಿರುವು ಮುಂದೆ ಹೋದಳು, ಒಂದು ಸಲವೂ ಹಿಂದೆ ನೋಡಲಿಲ್ಲ. ಏಳೂವರೆಗೆ ಬೀಚ್ ರೋಡ್ ತುದಿಯಲ್ಲಿ ಟೀ ಕುಡಿಯುತ್ತಿದ್ದೆವು. ಪೇದೆಯೊಬ್ಬರು ಬಂದು ಬ್ಯಾರಿಕೇಡನ್ನು ಕರ್ ಅಂತ ಎಳೆದು ಗೋಡೆಗೆ ಒರಗಿಸಿದರು. ಟೀ ಮುಗಿಯುವಷ್ಟರಲ್ಲಿ ಸ್ಕೂಟರ್, ಆಟೋ, ಕಾರು ಎಲ್ಲ ನುಗ್ಗಿದವು. ಅದು ಮತ್ತೆ ಮಾಮೂಲಿ ರಸ್ತೆ. ಪುದುಚೇರಿ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ನೆಹರೂ ಬೀದಿಯಲ್ಲಿ ಸೈಕಲ್ ಹೊಡೆಯುವುದಕ್ಕೆ ಗುಂಡಿಗೆ ಬೇಕು. ನಾವು ಸುತ್ತಿದ ಬೀದಿಗಳಲ್ಲಿ ಸೈಕಲ್ಲಿಗೆ ಅಂತ ಬಣ್ಣ ಬಳಿದ ಪಟ್ಟಿಯೂ ಕಾಣಲಿಲ್ಲ. ಇದ್ದದ್ದು ಒಂದು ಬ್ಯಾರಿಕೇಡು, ಒಬ್ಬ ಪೇದೆ, ಒಂದು ಗಡಿಯಾರ.

ನಮ್ಮೂರಿಗೆ ಸೈಕಲ್ ಹೊಸದಲ್ಲ. 2017ರಲ್ಲಿ 48 ನಿಲ್ದಾಣ, 450 ಸೈಕಲ್ ಇಟ್ಟು ಟ್ರಿನ್ ಟ್ರಿನ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರು ಮಾಡಿದ ಊರು ಇದು. ಸೈಕಲ್ ಕೊಟ್ಟೆವು ಸರಿ, ಮಕ್ಕಳನ್ನು ಹೆದರಿಕೆ ಇಲ್ಲದೆ ಬಿಡುವ ರಸ್ತೆ ಎಲ್ಲಿದೆ? ರಸ್ತೆ ಮುಚ್ಚುವುದೂ ನಮಗೆ ಹೊಸದಲ್ಲ. ಜಂಬೂಸವಾರಿ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಒಂದು ಸ್ಕೂಟರ್ ನುಸುಳಲಿ ನೋಡೋಣ. ಆನೆಗೆ ಬಿಡುವ ಜಾಗವನ್ನು ವಾರಕ್ಕೊಮ್ಮೆ ಮಕ್ಕಳಿಗೂ ಬಿಡಬಹುದಲ್ಲ?

ನಾನು ಕೇಳುವುದು ಇಷ್ಟೇ. ಭಾನುವಾರ ಬೆಳಗ್ಗೆ 5.30ರಿಂದ 8ರವರೆಗೆ, ಹಾರ್ಡಿಂಜ್ ಸರ್ಕಲ್‌ನಿಂದ ಚಾಮರಾಜ ಸರ್ಕಲ್‌ವರೆಗೆ, ಅರಮನೆಯ ಉತ್ತರ ಬಾಗಿಲ ಮುಂದಿನ ರಸ್ತೆಗೆ ಕಾರು, ಬೈಕು, ಆಟೋ ಬೇಡ. ಬಸ್ಸಿನ ತಾಪತ್ರಯ ಇದೆ, ಗೊತ್ತು. ಸಿಟಿ ಬಸ್ ಸ್ಟ್ಯಾಂಡ್ ಅಲ್ಲೇ ಪಕ್ಕದಲ್ಲಿದೆ. ಆದರೆ ದಸರಾಗೆ ಹತ್ತು ದಿನ ಬಸ್ ಸುತ್ತಿಸುವ ನಿಮ್ಮವರಿಗೆ ಎರಡೂವರೆ ಗಂಟೆ ಯಾವ ಲೆಕ್ಕ? ಆಂಬುಲೆನ್ಸ್ ಬಂದರೆ ಬ್ಯಾರಿಕೇಡ್ ಸರಿಸಿದರಾಯಿತು. ಕೋಟೆ ಆಂಜನೇಯನ ದರ್ಶನಕ್ಕೆ ಬರುವವರು ನಾಲ್ಕು ಹೆಜ್ಜೆ ನಡೆಯಲಿ. ದೇವರಾಜ ಮಾರುಕಟ್ಟೆಯ ಹೂವಿನವರನ್ನು ಮೊದಲೇ ಕರೆದು ಮಾತಾಡಿಸಿ. ಅವರ ಗಾಡಿ ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳದೆ ಆದೇಶ ಹೊರಡಿಸಿದರೆ ಮೊದಲ ಭಾನುವಾರವೇ ಜಗಳ ಗ್ಯಾರಂಟಿ.

ನಾಲ್ಕು ಭಾನುವಾರ ನೋಡಿ. ಆಗಿ ಬರಲಿಲ್ಲ ಅಂದರೆ ಬ್ಯಾರಿಕೇಡನ್ನು ವಾಪಸ್ ಗೋಡೆಗೆ ಒರಗಿಸಿ. ಅದಕ್ಕೆ ಟೆಂಡರ್ ಬೇಡ, ಶಂಕುಸ್ಥಾಪನೆ ಬೇಡ. ಆ ಕಲ್ಲಿನ ಮೇಲೆ ಹೆಸರು ಬರೆಸುವ ಅವಕಾಶ ತಪ್ಪುತ್ತದೆ, ಅದೊಂದು ನಿಮಗೆ ನಷ್ಟ.

ಬ್ಯಾರಿಕೇಡ್ ಎಳೆಯುವುದಕ್ಕೆ ಆಳು ಕಡಿಮೆ ಬಿದ್ದರೆ ಹೇಳಿ. ಐದೂಕಾಲಿಗೆ ಹಾರ್ಡಿಂಜ್ ಸರ್ಕಲ್‌ನಲ್ಲಿ ಇರುತ್ತೇನೆ.

ಇಂತಿ,
ಅಗ್ರಹಾರದ ಒಬ್ಬ ನಿವಾಸಿ, ಮೈಸೂರು